ಚಿತ್ರಪುಟದ ಒಳಗೆ ಮತ್ತು ಹೊರಗೆ: ‘ಬ್ಲೌವೆ ರೈಟರ್’ ಪಂಚಾಂಗ, ಕೆ. ವೆಂಕಟಪ್ಪ ಮತ್ತು ಹಳಿಯಾಳ–ಮುಂಡಗೋಡ ಸೀಮೆಯ ದೃಶ್ಯಪರಂಪರೆ

1. ಪ್ರವೇಶ

ಆಧುನಿಕ ಕಲಾಚಳವಳಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಲಾವಿದರ ಜೀವನವೃತ್ತಾಂತವಾಗಿ ಅಥವಾ ಪ್ರದರ್ಶನಗಳ ಅನುಕ್ರಮವಾಗಿ ಬರೆಯಲಾಗುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ಹಲವು ಚಳವಳಿಗಳು ಜನರನ್ನು ತಲುಪಿದ್ದು ಗೋಡೆಯ ಮೇಲಿನ ಚಿತ್ರಗಳ ಮೂಲಕವಲ್ಲ, ಅಚ್ಚಾದ ಪುಟಗಳ ಮೂಲಕ. ಪ್ರದರ್ಶನ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಸಚಿತ್ರ ಗ್ರಂಥ ಊರೂರು ತಿರುಗುತ್ತದೆ, ಮೂಲಚಿತ್ರವನ್ನು ಎಂದೂ ನೋಡದವನ ಕೈಗೂ ಸೇರುತ್ತದೆ. ಆದ್ದರಿಂದ ಯಾವ ಚಿತ್ರವನ್ನು ಪುಟಕ್ಕೆ ಆರಿಸಿದರು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟರು, ಯಾವುದನ್ನು ಹೊರಗೆ ಬಿಟ್ಟರು ಎಂಬ ಪ್ರಶ್ನೆಗಳು ಚಳವಳಿಯೊಂದರ ತಾತ್ತ್ವಿಕತೆಯನ್ನು ಅರಿಯಲು ಮುಖ್ಯವಾಗುತ್ತವೆ.

ಪ್ರಸ್ತುತ ಲೇಖನದಲ್ಲಿ ಒಂದೇ ಕಾಲಘಟ್ಟದ ಎರಡು ಸಚಿತ್ರ ಪ್ರಕಟಣೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಒಂದು, 1912ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪ್ರಕಟವಾದ ‘ದೆರ್ ಬ್ಲೌವೆ ರೈಟರ್’ ಎಂಬ ಪಂಚಾಂಗ. ಇನ್ನೊಂದು, 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಕಲ್ಕತ್ತೆಯ ಚಿತ್ರಕಾರರು ಚಿತ್ರಗಳನ್ನು ರಚಿಸಿದ ‘ಮಿಥ್ಸ್ ಆಫ್ ದಿ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್’ ಎಂಬ ಗ್ರಂಥ. ಎರಡನೆಯದರಲ್ಲಿ ಮೈಸೂರಿನ ಕೆ. ವೆಂಕಟಪ್ಪನವರ (1886–1965) ಚಿತ್ರಗಳಿರುವುದರಿಂದ ಅದು ಕನ್ನಡ ನಾಡಿನ ಕಲಾಚರಿತ್ರೆಯ ಭಾಗವೂ ಹೌದು. ಈ ಎರಡು ಗ್ರಂಥಗಳು ಎತ್ತುವ ಪ್ರಶ್ನೆಗಳನ್ನು ಕೊನೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಎರಡು ಜೀವಂತ ದೃಶ್ಯಪರಂಪರೆಗಳಿಗೆ ಅನ್ವಯಿಸಿ ನೋಡಲಾಗಿದೆ. ‘ಕಲೆ’ ಮತ್ತು ‘ಜಾನಪದ’ ಎಂದು ನಾವು ಮಾಡಿಕೊಂಡಿರುವ ವಿಂಗಡಣೆ ಎಷ್ಟರಮಟ್ಟಿಗೆ ವಸ್ತುವಿನ ಗುಣ, ಎಷ್ಟರಮಟ್ಟಿಗೆ ಅದನ್ನು ಇರಿಸುವ ಪುಟದ ಗುಣ ಎಂಬುದು ಇಲ್ಲಿಯ ಮೂಲ ಪ್ರಶ್ನೆ.

2. ಮ್ಯೂನಿಕ್ಕಿನ ಪಂಚಾಂಗ: ಜೋಡಣೆಯೇ ವಾದ

‘ಬ್ಲೌವೆ ರೈಟರ್’ ಎಂದರೆ ‘ನೀಲಿ ಸವಾರ’. ರಷ್ಯಾ ಮೂಲದ ವಾಸಿಲಿ ಕ್ಯಾಂಡಿನ್‌ಸ್ಕಿ ಮತ್ತು ಜರ್ಮನಿಯ ಫ್ರಾಂಟ್ಸ್ ಮಾರ್ಕ್ 1911ರಲ್ಲಿ ಈ ಹೆಸರಿನಲ್ಲಿ ಒಂದು ಸಂಪಾದಕತ್ವವನ್ನು ರೂಪಿಸಿಕೊಂಡರು. ಇದು ಸದಸ್ಯತ್ವ, ನಿಯಮಾವಳಿಗಳಿದ್ದ ಸಂಘವಾಗಿರಲಿಲ್ಲ ಎಂಬುದು ಗಮನಾರ್ಹ. ಮೊದಲು ಬಂದದ್ದು ಪುಸ್ತಕದ ಕಲ್ಪನೆ. 1911ರ ಡಿಸೆಂಬರ್ 18ರಂದು ತಾನ್‌ಹೌಸರ್ ಗ್ಯಾಲರಿಯಲ್ಲಿ ಆರಂಭವಾದ ಮೊದಲ ಪ್ರದರ್ಶನವೂ ಈ ಸಂಪಾದಕರ ಹೆಸರಿನಲ್ಲಿಯೇ ನಡೆಯಿತು. 1912ರ ಮೇ ತಿಂಗಳಲ್ಲಿ ರೈನ್‌ಹಾರ್ಟ್ ಪೀಪರ್ ಅವರ ಪ್ರಕಾಶನದಿಂದ ಪಂಚಾಂಗ ಹೊರಬಂದಿತು. ಹೀಗೆ ಇಲ್ಲಿ ಚಳವಳಿ ಗ್ರಂಥವನ್ನು ಹೊರತಂದಿತು ಎನ್ನುವುದಕ್ಕಿಂತ ಗ್ರಂಥವೇ ಚಳವಳಿಗೆ ಆಕಾರ ಕೊಟ್ಟಿತು ಎನ್ನುವುದು ಹೆಚ್ಚು ಸಮಂಜಸ.

‘ಪಂಚಾಂಗ’ ಎಂಬ ಮಾತನ್ನು ಇಲ್ಲಿ ತಿಥಿ, ವಾರ, ನಕ್ಷತ್ರಗಳ ಅರ್ಥದಲ್ಲಿ ಗ್ರಹಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಬರಬೇಕಾದ ಸಂಚಿಕೆ ಎಂಬ ಅರ್ಥದಲ್ಲಿ ಸಂಪಾದಕರು ಅದನ್ನು ಯೋಜಿಸಿದ್ದರು. ಅದರಲ್ಲಿ 140ಕ್ಕೂ ಹೆಚ್ಚು ಚಿತ್ರಗಳಿವೆ. ಮಾರ್ಕ್, ಕ್ಯಾಂಡಿನ್‌ಸ್ಕಿ, ಔಗುಸ್ಟ್ ಮಾಕೆ, ಡೇವಿಡ್ ಬುರ್ಲ್ಯುಕ್ ಮೊದಲಾದವರ ಲೇಖನಗಳಿವೆ; ಸಂಗೀತಕಾರ ಆರ್ನಾಲ್ಡ್ ಶೋನ್‌ಬರ್ಗ್ ಅವರ ಬರಹದ ಜೊತೆಗೆ ಅವರದೂ ಅವರ ಶಿಷ್ಯರದೂ ಆದ ಸ್ವರಲಿಪಿಗಳಿವೆ; ಕ್ಯಾಂಡಿನ್‌ಸ್ಕಿಯ ಒಂದು ರಂಗಕೃತಿಯೂ ಇದೆ.

ಪಂಚಾಂಗದ ನಿಜವಾದ ನಾವೀನ್ಯ ಇರುವುದು ಚಿತ್ರಗಳ ಜೋಡಣೆಯಲ್ಲಿ. ಬವೇರಿಯದ ಹಳ್ಳಿಗರು ಗಾಜಿನ ಹಿಂಬದಿಯಲ್ಲಿ ಬರೆದ ಭಕ್ತಿಚಿತ್ರಗಳು, ರಷ್ಯಾದ ಜನಪ್ರಿಯ ಮರದಚ್ಚಿನ ಚಿತ್ರಗಳು, ಈಜಿಪ್ಟಿನ ತೊಗಲುಗೊಂಬೆಗಳು, ಮಕ್ಕಳ ರೇಖಾಚಿತ್ರಗಳು, ಆಫ್ರಿಕಾ ಮತ್ತು ಪೆಸಿಫಿಕ್ ದ್ವೀಪಗಳ ಶಿಲ್ಪಗಳು — ಇವೆಲ್ಲ ಸೆಜಾನ್, ವಾನ್ ಗೋ, ಪಿಕಾಸೊ, ಮಾತಿಸ್ ಅವರ ಕೃತಿಗಳೊಂದಿಗೆ ಒಂದೇ ಗ್ರಂಥದ ಒಳಗೆ ಬಂದಿವೆ. ಯಾವುದೂ ಇನ್ನೊಂದಕ್ಕೆ ಅಡಿಟಿಪ್ಪಣಿಯಾಗಿಲ್ಲ. ಮಾರ್ಕ್ ತಮ್ಮ ‘ಎರಡು ಚಿತ್ರಗಳು’ ಎಂಬ ಲೇಖನದಲ್ಲಿ 1832ರ ಒಂದು ಜನಪದ ಕಥಾಸಂಗ್ರಹದ ಚಿತ್ರವನ್ನೂ 1911ರ ಕ್ಯಾಂಡಿನ್‌ಸ್ಕಿಯ ಒಂದು ಚಿತ್ರವನ್ನೂ ಎದುರುಬದುರು ಇರಿಸಿ, ಎರಡರ ಅಂತರಂಗದ ಪ್ರಾಮಾಣಿಕತೆ ಒಂದೇ ಎಂದು ವಾದಿಸುತ್ತಾರೆ. ರೂಪ ಹೇಗಿದೆ ಎಂಬುದಲ್ಲ, ಆ ರೂಪ ಒಳಗಿನ ಒತ್ತಾಯದಿಂದ ಹುಟ್ಟಿದೆಯೇ ಎಂಬುದೇ ಅಳತೆಗೋಲು ಎಂಬ ಕ್ಯಾಂಡಿನ್‌ಸ್ಕಿಯ ನಿಲುವು ಈ ಜೋಡಣೆಗೆ ಆಧಾರವಾಗಿದೆ. ಕನ್ನಡ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಮಾರ್ಗ ಮತ್ತು ದೇಸಿಗಳ ನಡುವಣ ಮೇಲುಕೀಳನ್ನು ಪುಟದ ವಿನ್ಯಾಸದಿಂದಲೇ ಅಳಿಸುವ ಪ್ರಯತ್ನವಿದು.

3. ಜೋಡಣೆಯ ಮಿತಿ

ಆದರೆ ಈ ಸಮಾನತೆಯನ್ನು ವಿಮರ್ಶೆಯಿಲ್ಲದೆ ಒಪ್ಪಿಕೊಳ್ಳುವಂತಿಲ್ಲ. ಪಂಚಾಂಗದಲ್ಲಿ ಯುರೋಪಿನ ಸಮಕಾಲೀನ ಕಲಾವಿದರಿಗೆ ಹೆಸರುಗಳಿವೆ. ಆಫ್ರಿಕಾ, ಅಮೆರಿಕ, ಪೆಸಿಫಿಕ್ ದ್ವೀಪಗಳ ಕೃತಿಗಳಿಗೆ ಕೇವಲ ಸ್ಥಳನಾಮಗಳಿವೆ. ಮಾಕೆಯವರ ‘ಮುಖವಾಡಗಳು’ ಎಂಬ ಲೇಖನದೊಡನೆ ಅಲಾಸ್ಕಾದ ಮುಖಂಡನೊಬ್ಬನ ನೇಯ್ದ ಮೇಲುಹೊದಿಕೆಯ ಚಿತ್ರವಿದೆ. ಆ ಕರಾವಳಿಯ ಜನರಲ್ಲಿ ಇಂಥ ಹೊದಿಕೆಗಳನ್ನು ನೇಯುತ್ತಿದ್ದವರು ಮಹಿಳೆಯರು. ಆದರೆ ಪುಟದಲ್ಲಿ ಉಳಿದದ್ದು ಹೊದ್ದವನ ಅಂತಸ್ತು, ನೇಯ್ದವಳ ಸುಳಿವಿಲ್ಲ. ಇಂಥ ವಸ್ತುಗಳು ಮ್ಯೂನಿಕ್ಕಿನ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿದ್ದುವು. ಅವು ಅಲ್ಲಿಗೆ ಬಂದ ದಾರಿ ವಸಾಹತು ಆಳ್ವಿಕೆಯ ದಾರಿಯೊಂದಿಗೆ ಹೆಣೆದುಕೊಂಡಿತ್ತು.

ಹಾಗಾಗಿ ಪಂಚಾಂಗ ಎರಡು ಕೆಲಸಗಳನ್ನು ಏಕಕಾಲಕ್ಕೆ ಮಾಡಿತು ಎನ್ನಬಹುದು. ‘ಕರಕುಶಲ’ ಎಂದು ಬದಿಗಿಟ್ಟಿದ್ದನ್ನು ಅದು ಕಲೆಯ ಪುಟಕ್ಕೆ ತಂದಿತು. ಹಾಗೆ ತರುವಾಗ ಅದನ್ನು ಮಾಡಿದವರ ಬದುಕಿನಿಂದ ಬೇರ್ಪಡಿಸಿತು. ಎರಡನೆಯ ಸಂಪುಟ ಹೊರಬರಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಮಾಕೆ 1914ರಲ್ಲಿಯೂ ಮಾರ್ಕ್ 1916ರಲ್ಲಿಯೂ ಮಡಿದರು. ತಮ್ಮ ಮಿತಿಯನ್ನು ತಾವೇ ತಿದ್ದಿಕೊಳ್ಳುವ ಅವಕಾಶ ಈ ಸಂಪಾದಕರಿಗೆ ಒದಗಲಿಲ್ಲ.

4. ಕಲ್ಕತ್ತೆಯ ಚಿತ್ರಪುಟಗಳು ಮತ್ತು ವೆಂಕಟಪ್ಪ

ಇದೇ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಸುತ್ತ ಇನ್ನೊಂದು ಚಳವಳಿ ರೂಪುಗೊಂಡಿತ್ತು. 1907ರಲ್ಲಿ ‘ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್’ ಸ್ಥಾಪನೆಯಾಯಿತು. ಪಾಶ್ಚಾತ್ಯ ಶೈಲಿಯ ತೈಲಚಿತ್ರದ ವಾಸ್ತವಿಕತೆಗೆ ಪ್ರತಿಯಾಗಿ ಅಜಂತಾ, ಮೊಗಲ್, ರಜಪೂತ ಪರಂಪರೆಗಳನ್ನೂ ಜಪಾನಿನ ಜಲವರ್ಣ ಕ್ರಮವನ್ನೂ ಈ ಬಳಗ ಆಶ್ರಯಿಸಿತು.

ಈ ಚಳವಳಿಯ ಪ್ರಸಾರಕ್ಕೆ ಅಚ್ಚಿನ ತಂತ್ರ ಬೆನ್ನೆಲುಬಾಗಿತ್ತು. ಉಪೇಂದ್ರಕಿಶೋರ ರಾಯರು ಕಲ್ಕತ್ತೆಯಲ್ಲಿ ಹಾಫ್‌ಟೋನ್ ಬ್ಲಾಕುಗಳ ತಯಾರಿಕೆಯನ್ನು ಉನ್ನತ ಮಟ್ಟಕ್ಕೆ ಒಯ್ದಿದ್ದರು. ಈ ವಿಧಾನದಲ್ಲಿ ಚಿತ್ರವನ್ನು ಸೂಕ್ಷ್ಮ ಗೆರೆಗಳ ಜಾಲರಿಯ ಮೂಲಕ ಛಾಯಾಗ್ರಹಣ ಮಾಡಿ ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆಯಲಾಗುತ್ತದೆ. ಬಣ್ಣದ ಚಿತ್ರವಾದರೆ ಹಳದಿ, ಕೆಂಪು, ನೀಲಿಗಳಿಗೆ ಬೇರೆ ಬೇರೆ ಬ್ಲಾಕುಗಳನ್ನು ಮಾಡಿ ಒಂದರ ಮೇಲೊಂದು ಅಚ್ಚೊತ್ತಲಾಗುತ್ತದೆ. ರಾಮಾನಂದ ಚಟರ್ಜಿಯವರು ತಮ್ಮ ‘ಪ್ರವಾಸಿ’ (1901) ಮತ್ತು ‘ಮಾಡರ್ನ್ ರಿವ್ಯೂ’ (1907) ಪತ್ರಿಕೆಗಳಲ್ಲಿ ಮೊದಲು ರವಿವರ್ಮನ ಚಿತ್ರಗಳನ್ನೂ ಅನಂತರ ಅವನೀಂದ್ರರ ಬಳಗದ ಚಿತ್ರಗಳನ್ನೂ ಪ್ರಕಟಿಸಿದರು. ಕಲ್ಕತ್ತೆಯಿಂದ ದೂರದಲ್ಲಿದ್ದ ಓದುಗರಿಗೆ ‘ಬಂಗಾಳ ಶೈಲಿ’ ಎಂದರೆ ಬಹುಮಟ್ಟಿಗೆ ಈ ಪುಟಗಳೇ ಆಗಿದ್ದುವು.

ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋಗಿ ಅವನೀಂದ್ರರ ಶಿಷ್ಯರಾದರು. ಅಲ್ಲಿದ್ದ ಅವಧಿಯಲ್ಲಿ ಎರಡು ಪ್ರಕಟಣೆಗಳಲ್ಲಿ ಅವರು ಪಾಲ್ಗೊಂಡರು. ಮೊದಲನೆಯದು, ಸೋದರಿ ನಿವೇದಿತಾ ಆರಂಭಿಸಿ, 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ, ಮೇಲೆ ಹೇಳಿದ 1913ರ ಗ್ರಂಥ. ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ 32 ವರ್ಣಚಿತ್ರಗಳು ಅದರಲ್ಲಿವೆ. ನಂದಲಾಲ ಬೋಸ್, ಕ್ಷಿತೀಂದ್ರನಾಥ ಮಜುಂದಾರ್ ಮೊದಲಾದವರ ಜೊತೆಗೆ ವೆಂಕಟಪ್ಪನವರೂ ಇದ್ದಾರೆ. ಸೇತುಬಂಧವೂ ಸೇರಿದಂತೆ ರಾಮಾಯಣ ಭಾಗದ ಚಿತ್ರಗಳಲ್ಲಿ ಅವರ ಪಾಲು ದೊಡ್ಡದು. ಎರಡನೆಯದು, 1914ರಲ್ಲಿ ಇಂಗ್ಲಿಷಿಗೆ ಬಂದ, ಭಾರತೀಯ ಶಿಲ್ಪಶಾಸ್ತ್ರದ ಅಂಗವಿನ್ಯಾಸವನ್ನು ಕುರಿತ ಅವನೀಂದ್ರರ ಕಿರುಹೊತ್ತಗೆ. ಅದರ ರೇಖಾಚಿತ್ರಗಳನ್ನು ನಂದಲಾಲ ಬೋಸರೂ ವೆಂಕಟಪ್ಪನವರೂ ರಚಿಸಿದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಹೆಸರಿನ ಪ್ರಶ್ನೆ. 1913ರ ಗ್ರಂಥದಲ್ಲಿ ಪ್ರತಿಯೊಂದು ಚಿತ್ರಕ್ಕೂ ಅದನ್ನು ಬರೆದವರ ಹೆಸರಿದೆ. ಅರಮನೆ, ದೇವಾಲಯಗಳಿಗೆ ತಲೆಮಾರುಗಳಿಂದ ದುಡಿದರೂ ಹೆಸರು ಉಳಿಯದೆ ಹೋದ ಚಿತ್ರಗಾರರ ವರ್ಗದಿಂದ ಬಂದ ಒಬ್ಬರು, ಅಚ್ಚಿನ ಪುಟದ ಮೂಲಕ ‘ಕಲಾವಿದ’ ಎಂಬ ಆಧುನಿಕ ವ್ಯಕ್ತಿತ್ವವನ್ನು ಪಡೆದರು. ಎರಡನೆಯದು, ಈ ಪುಟ ಬಿಟ್ಟುಬಿಟ್ಟ ಸಂಗತಿ. ಮ್ಯೂನಿಕ್ಕಿನ ಸಂಪಾದಕರು ತಮ್ಮ ಪೂರ್ವಜರನ್ನು ಸಮೀಪದ ಹಳ್ಳಿಯ ಗಾಜುಚಿತ್ರಗಳಲ್ಲಿ ಹುಡುಕಿದರು. ಕಲ್ಕತ್ತೆಯ ಬಳಗ ಆ ಘಟ್ಟದಲ್ಲಿ ತನ್ನ ಪೂರ್ವಜರನ್ನು ಮುಖ್ಯವಾಗಿ ಅಜಂತಾದ ಗುಹೆಗಳಲ್ಲಿ, ಅರಸರ ಚಿತ್ರಶಾಲೆಗಳಲ್ಲಿ, ಸಂಸ್ಕೃತ ಶಾಸ್ತ್ರಗಳಲ್ಲಿ ಕಂಡುಕೊಂಡಿತು. ಅವನೀಂದ್ರರು ಬಂಗಾಳದ ವ್ರತಗಳ ರಂಗವಲ್ಲಿಯನ್ನು ಕುರಿತು ಬರೆದದ್ದು, ನಂದಲಾಲರು 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗ್ರಾಮೀಣ ಶೈಲಿಯ ಫಲಕಗಳನ್ನು ಬರೆದದ್ದು ಅನಂತರದ ಬೆಳವಣಿಗೆಗಳು. ವೆಂಕಟಪ್ಪನವರು ಹುಟ್ಟಿಬಂದ ಚಿತ್ರಗಾರರ ಮನೆಯ ಕಸುಬು ಮಾತ್ರ, ಅವರಿಗೆ ಹೆಸರು ತಂದುಕೊಟ್ಟ ಆ ಪುಟಗಳಲ್ಲಿ ಸ್ಥಾನ ಪಡೆಯಲಿಲ್ಲ.

5. 1922ರ ಮುಖಾಮುಖಿ

ಈ ಎರಡು ಧಾರೆಗಳು ಒಮ್ಮೆ ಒಂದೇ ಸೂರಿನಡಿ ಸೇರಿದವು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಓರಿಯೆಂಟಲ್ ಆರ್ಟ್ ಸೊಸೈಟಿಯ ಪ್ರದರ್ಶನದಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಕೃತಿಗಳು ಬಂದುವು. ಕ್ಯಾಂಡಿನ್‌ಸ್ಕಿ ಮತ್ತು ಪಾಲ್ ಕ್ಲೇ ಅವರ ಚಿತ್ರಗಳು ಅವುಗಳಲ್ಲಿದ್ದುವು. ಕ್ಲೇ ಅವರೂ ‘ನೀಲಿ ಸವಾರ’ರ ಬಳಗದಲ್ಲಿದ್ದವರು. ಈ ಏರ್ಪಾಡಿನಲ್ಲಿ ಕಲಾಚರಿತ್ರಕಾರ್ತಿ ಸ್ಟೆಲ್ಲಾ ಕ್ರಾಮ್‌ರಿಶ್ ಅವರ ಪಾತ್ರ ದೊಡ್ಡದು. ಅದೇ ಪ್ರದರ್ಶನದಲ್ಲಿ ಭಾರತೀಯ ಕಲಾವಿದರ ಕೃತಿಗಳೂ ಇದ್ದುವು. ಆ ಹೊತ್ತಿಗೆ ಸೊಸೈಟಿಯು ಓ. ಸಿ. ಗಂಗೂಲಿಯವರ ಸಂಪಾದಕತ್ವದಲ್ಲಿ 1920ರಿಂದ ‘ರೂಪಮ್’ ಎಂಬ ಸಚಿತ್ರ ತ್ರೈಮಾಸಿಕವನ್ನೂ ಹೊರತರುತ್ತಿತ್ತು. ಪಾಶ್ಚಾತ್ಯ ಆಧುನಿಕತೆ ಭಾರತಕ್ಕೆ ತಡವಾಗಿ ಬಂದ ಅನುಕರಣೆ ಎಂಬ ಗ್ರಹಿಕೆ ಸರಳವಾದುದು ಎಂಬುದಕ್ಕೆ ಈ ಘಟನೆ ಸಾಕ್ಷಿ. ಎರಡೂ ಕಡೆಯವರು ಒಂದೇ ಕಾಲದಲ್ಲಿ, ತಮ್ಮ ತಮ್ಮ ಅಕಾಡೆಮಿಕ್ ವಾಸ್ತವಿಕತೆಯನ್ನು ಮೀರುವ ದಾರಿ ಹುಡುಕುತ್ತಿದ್ದರು.

6. ಹಳಿಯಾಳ–ಮುಂಡಗೋಡ ಸೀಮೆ: ಎರಡು ನಿದರ್ಶನಗಳು

ಈ ಚರ್ಚೆಯನ್ನು ನಮ್ಮ ಸಮೀಪದ ಪ್ರದೇಶಕ್ಕೆ ತಂದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಾಳೀ ನದಿಯ ದಂಡೆಯ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಉತ್ಪಾದನೆ ಆರಂಭಿಸಿತು. ಸುತ್ತಣ ಕಾಡಿನ ಬಿದಿರು ಕಾಗದವಾಯಿತು. ಆದರೆ ಬರಹಕ್ಕೂ ಅಚ್ಚಿಗೂ ಕಾಗದ ಒದಗಿಸಿದ ಈ ಸೀಮೆಯ ಕೈಕೆಲಸ ನಮ್ಮ ಕಲಾಗ್ರಂಥಗಳ ಪುಟಗಳಲ್ಲಿ ಕಾಣಸಿಗುವುದು ವಿರಳ. ಎರಡು ನಿದರ್ಶನಗಳನ್ನು ಮಾತ್ರ ಇಲ್ಲಿ ತೆಗೆದುಕೊಳ್ಳಲಾಗಿದೆ.

ಅ) ಸಿದ್ದಿ ಮಹಿಳೆಯರ ಕೌದಿ: ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ ತಾಲ್ಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯ ನೆಲೆಸಿದೆ. ಇವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಮನೆಯ ಕೆಲಸವೇ ಆದರೂ ಸಿದ್ದಿ ಮಹಿಳೆಯರ ಕೌದಿಗೆ ತನ್ನದೇ ರಚನಾಕ್ರಮವಿದೆ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತದೆ. ಮೊದಲೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡಿನ ಅಳತೆ ಮತ್ತು ಬಣ್ಣ ಮುಂದಿನ ತುಂಡನ್ನು ನಿರ್ಧರಿಸುತ್ತವೆ. ಸಾಲುಸಾಲಾದ ಓಟದ ಹೊಲಿಗೆ ಪದರಗಳನ್ನು ಬಂಧಿಸುವುದರ ಜೊತೆಗೆ ಇಡೀ ಮೈಗೆ ಒಂದು ಲಯ ಕೊಡುತ್ತದೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ ಅಂದರೆ ಹೂವು ಸೇರಿಸಲಾಗುತ್ತದೆ. ಅದಿಲ್ಲದ ಕೌದಿ ಅಪೂರ್ಣ ಎಂಬುದು ಹೊಲಿಯುವವರ ನಿಲುವು. ಅಮೆರಿಕದ ಕಲಾಚರಿತ್ರಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದ ಅನಂತರ ಈ ಕೌದಿಗಳು ಹೊರದೇಶದ ಪ್ರದರ್ಶನಗಳಿಗೂ ತಲುಪಿವೆ.

ಬೆಚ್ಚಗೆ ಹೊದೆಯುವುದಷ್ಟೇ ಉದ್ದೇಶವಾಗಿದ್ದರೆ ಮೂಲೆಯ ಹೂವಿನ ಅಗತ್ಯವಿರಲಿಲ್ಲ. ಚಳಿಗೆ ಸಂಬಂಧವಿಲ್ಲದ ಅದು ಪೂರ್ಣತೆಗೆ ಸಂಬಂಧಿಸಿದ ನಿರ್ಣಯ. ಕ್ಯಾಂಡಿನ್‌ಸ್ಕಿ ಹೇಳಿದ ಒಳಗಿನ ಅಗತ್ಯ ಎಂಬ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ. ಹಾಗೆಂದು ಕೌದಿಯನ್ನು ‘ಅಮೂರ್ತ ಚಿತ್ರದಂತಿದೆ’ ಎಂದು ಹೊಗಳಿ ಗೋಡೆಗೆ ತೂಗುಹಾಕಿದರೆ ಪಂಚಾಂಗದ ತಪ್ಪನ್ನೇ ಪುನರಾವರ್ತಿಸಿದಂತಾಗುತ್ತದೆ. ಯಾರ ಸೀರೆಯ ತುಂಡು, ಯಾರ ಮಗುವಿಗೆ ಹೊದಿಕೆ, ಯಾರು ಹೊಲಿದದ್ದು ಎಂಬ ವಿವರಗಳೂ ಆ ಕೃತಿಯ ಭಾಗವೇ.

ಆ) ಮುಂಡಗೋಡದ ತಂಕಾ ಚಿತ್ರ: 1966ರಲ್ಲಿ ಮುಂಡಗೋಡದ ಬಳಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಗಾಂದೆನ್ ಮತ್ತು ದ್ರೆಪುಂಗ್ ಮಹಾವಿಹಾರಗಳು ಅಲ್ಲಿ ಪುನಃ ಸ್ಥಾಪನೆಗೊಂಡವು. ಈ ವಿಹಾರಗಳ ಪೂಜಾಪರಂಪರೆಯ ಅಂಗವಾದ ತಂಕಾ ಚಿತ್ರದಲ್ಲಿ, ಚೌಕಟ್ಟಿಗೆ ಬಿಗಿದ ಹತ್ತಿಬಟ್ಟೆಗೆ ಸುಣ್ಣದ ಪುಡಿ ಮತ್ತು ಅಂಟಿನ ಲೇಪ ಕೊಟ್ಟು, ಕಲ್ಲಿನಿಂದ ಉಜ್ಜಿ ನುಣುಪುಗೊಳಿಸಿ, ಅದರ ಮೇಲೆ ಅಳತೆಯ ಗೆರೆಗಳ ಜಾಲವನ್ನು ಎಳೆಯಲಾಗುತ್ತದೆ. ದೇವತೆಯ ಮುಖ, ಭುಜ, ಕಟಿ, ಪಾದಗಳ ಪ್ರಮಾಣ ಈ ಜಾಲದಿಂದ ನಿಶ್ಚಿತವಾಗುತ್ತದೆ. ಕಣ್ಣುಗಳನ್ನು ಬರೆಯುವುದು ಕಟ್ಟಕಡೆಗೆ.

ವೆಂಕಟಪ್ಪನವರು ರೇಖೆ ಎಳೆದ 1914ರ ಹೊತ್ತಗೆಯ ವಿಷಯವೂ ಇದೇ. ತಾಲಮಾನದ ಲೆಕ್ಕ, ಸಮಭಂಗ ತ್ರಿಭಂಗಾದಿ ನಿಲುವುಗಳು, ಮೀನಿನಂಥ ಕಣ್ಣು, ಗೋಮುಖದಂಥ ಮುಂಡ ಮೊದಲಾದ ಹೋಲಿಕೆಗಳನ್ನು ಅವನೀಂದ್ರರು ಅಲ್ಲಿ ವಿವರಿಸುತ್ತಾರೆ. ಜೊತೆಗೆ, ಶಾಸ್ತ್ರ ಕಲಿಯುವವನಿಗೆ ಆಧಾರವೇ ಹೊರತು ಸಂಕೋಲೆಯಲ್ಲ ಎಂಬ ಎಚ್ಚರಿಕೆಯನ್ನೂ ಕೊಡುತ್ತಾರೆ. ತಂಕಾ ಬರೆಯುವವನಿಗೆ ಅದೇ ಅಳತೆ ಸಂಕೋಲೆಯೂ ಅಲ್ಲ, ಮೀರಬೇಕಾದ ಹಂತವೂ ಅಲ್ಲ. ಅದು ಸಾಧನೆಯ ಕ್ರಮ. ಅಳತೆ ತಪ್ಪಿದ ಮೂರ್ತಿ ಧ್ಯಾನಕ್ಕೆ ಯೋಗ್ಯವಲ್ಲ. ಒಂದೇ ಶಿಲ್ಪಶಾಸ್ತ್ರೀಯ ಚಿಂತನೆ ಒಂದು ಕಡೆ ಆಧುನಿಕ ವ್ಯಕ್ತಿಸ್ವಾತಂತ್ರ್ಯದ ಮೆಟ್ಟಿಲಾಗಿಯೂ ಇನ್ನೊಂದು ಕಡೆ ಆರಾಧನೆಯ ನಿಯಮವಾಗಿಯೂ ಬದುಕಿರುವುದು ಕುತೂಹಲಕರ. ಹೊಸತನವನ್ನೇ ಕಲೆಯ ಏಕೈಕ ಲಕ್ಷಣವೆಂದು ಭಾವಿಸುವ ಓದಿಗೆ ಈ ಎರಡನೆಯದು ಕಾಣಿಸುವುದೇ ಇಲ್ಲ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಸಚಿತ್ರ ಪ್ರಕಟಣೆ ಕಲಾಚಳವಳಿಯ ದಾಖಲೆ ಮಾತ್ರವಲ್ಲ. ಯಾವುದು ಕಲೆ ಎಂಬುದನ್ನು ನಿರ್ಧರಿಸುವ ಸಾಧನ. ಎರಡು, ಒಳಗೊಳ್ಳುವ ಪುಟವೂ ಹೊರಗಿಡುತ್ತದೆ: ಮ್ಯೂನಿಕ್ಕಿನ ಪಂಚಾಂಗ ವಸ್ತುವನ್ನು ಒಳಗೆ ತಂದು ಮಾಡಿದವರನ್ನು ಹೊರಗಿಟ್ಟಿತು; ಕಲ್ಕತ್ತೆಯ ಗ್ರಂಥ ಚಿತ್ರಕಾರನಿಗೆ ಹೆಸರು ಕೊಟ್ಟು ಅವನ ಕಸುಬಿನ ಕುಲವನ್ನು ಹೊರಗಿಟ್ಟಿತು. ಮೂರು, ಕನ್ನಡದ ವಿದ್ವತ್ ವಲಯದಲ್ಲಿ ಕೌದಿ ‘ಜಾನಪದ’ ವಿಭಾಗಕ್ಕೂ ವೆಂಕಟಪ್ಪ ‘ಚಿತ್ರಕಲೆ’ಗೂ ತಂಕಾ ‘ಧರ್ಮ’ಕ್ಕೂ ಹಂಚಿಹೋಗಿರುವುದು ಇದೇ ಪುಟವಿನ್ಯಾಸದ ಮುಂದುವರಿಕೆ.

ಇದನ್ನು ಸರಿಪಡಿಸುವ ಕೆಲಸ ಸಿದ್ಧಾಂತ ಚರ್ಚೆಯಿಂದಲ್ಲ, ಕ್ಷೇತ್ರಕಾರ್ಯದಿಂದ ಆರಂಭವಾಗಬೇಕಾಗಿದೆ. ಜನಪದ ವಸ್ತುಗಳ ಸಂಗ್ರಹದಲ್ಲಿ ಸಂಗ್ರಾಹಕರ ಹೆಸರು, ಊರು, ತಾರೀಖು ನಮೂದಾಗುವಂತೆ ಮಾಡಿದವರ ಹೆಸರೂ ಅವರ ಒಪ್ಪಿಗೆಯೊಂದಿಗೆ ನಮೂದಾಗಬೇಕು. ವಸ್ತುವಿನ ಭಾಗಗಳಿಗೆ ಅವರು ಬಳಸುವ ಪದಗಳನ್ನು ಅವರ ಭಾಷೆಯಲ್ಲಿಯೇ ದಾಖಲಿಸಬೇಕು. ‘ಫೂಲ’ ಎಂಬ ಒಂದು ಪದದಲ್ಲಿ ಒಂದು ಸೌಂದರ್ಯಮೀಮಾಂಸೆಯೇ ಇದೆ. ಹಾಗೆಯೇ ಯಾವುದು ಪೂರ್ಣ, ಯಾವುದು ಅಪೂರ್ಣ ಎಂಬ ಅವರ ತೀರ್ಮಾನಗಳನ್ನು ವಿಮರ್ಶೆಯ ಮಾತುಗಳೆಂದೇ ಸ್ವೀಕರಿಸಬೇಕು.

ವೆಂಕಟಪ್ಪನವರ ಹೆಸರಿನ ಕಲಾಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಅವರ ತಂದೆ ತಾತಂದಿರ ಜೊತೆ ಮೈಸೂರಿನಲ್ಲಿ ದುಡಿದ ಎಷ್ಟೋ ಚಿತ್ರಗಾರರ ಹೆಸರುಗಳು ಮಾತ್ರ ಉಳಿದಿಲ್ಲ, ಕೇಳಬಹುದಾಗಿದ್ದ ಕಾಲದಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ಹಳಿಯಾಳ, ಮುಂಡಗೋಡಗಳ ಮಟ್ಟಿಗೆ ಆ ಕಾಲ ಇನ್ನೂ ಮೀರಿಲ್ಲ. ಹೊಲಿಯುವ ಕೈಗಳು, ಬರೆಯುವ ಕೈಗಳು ಇಂದಿಗೂ ಅಲ್ಲಿವೆ. ಕನ್ನಡದಲ್ಲಿ ಮುಂದೆ ಅಂಥದೊಂದು ಪಂಚಾಂಗ ಸಿದ್ಧವಾಗುವುದಾದರೆ, ಅದರ ಮೊದಲ ಕೆಲಸ ಚಿತ್ರಗಳನ್ನು ಆರಿಸುವುದಲ್ಲ. ಆ ಕೈಗಳ ಒಡತಿಯರನ್ನೂ ಒಡೆಯರನ್ನೂ ಹೆಸರು ಕೇಳಿ ಬರೆದುಕೊಳ್ಳುವುದು.